ನಾಲ್ಕು ಬೆರಳು ಎತ್ತರ

ಕೆಟ್ಟ ಯಂತ್ರ ಕಂಡರೆ ಗುರುಪಾದಪ್ಪನ ಕೈ ಸುಮ್ಮನಿರುವುದಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಿಸ್ಕತ್ತಿನ ಕಾರ್ಖಾನೆಯೊಂದರಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಮೆಂಟೆನೆನ್ಸ್ ಫೋರ್‌ಮನ್. ಮದುವೆಗೆ ಹೋದರೂ ಎಲೆಯ ಮುಂದೆ ಕೂರುವ ಮೊದಲು ಛತ್ರದ ಫ್ಯಾನು ಯಾಕೆ ಅಲುಗುತ್ತಿದೆ ಎಂದು ಮೇಲೆ ನೋಡುವ ಪೈಕಿ. ಹೆಂಡತಿ ಸೌಂದರ್ಯಾ ಇದಕ್ಕೆ ಸ್ಪ್ಯಾನರ್ ರೋಗ ಎಂದು ಹೆಸರಿಟ್ಟಿದ್ದಾಳೆ. ಈ ರೋಗ ಇದ್ದವರು ಲೋಕಕ್ಕೆ ಉಪಕಾರಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರದ ಮೇಲೆ ಕಣ್ಣು ನೆಟ್ಟರೆ ಅದರ ಪಕ್ಕದಲ್ಲಿ ನಿಂತ ಮನುಷ್ಯರು ಅವರಿಗೆ ಕಾಣುವುದಿಲ್ಲ. ಈ ಕತೆಯಲ್ಲಿ ಆದದ್ದೂ ಇಷ್ಟೇ.

ಅವನ ಹತ್ತಿರ ಇಪ್ಪತ್ತೆರಡು ವರ್ಷದ ಒಂದು ಜಪಾನಿ ಮಿನಿವ್ಯಾನ್ ಇತ್ತು. ಏಳು ಸೀಟು, ಪಕ್ಕಕ್ಕೆ ಸರಿಯುವ ಬಾಗಿಲು, ಒಂದು ಕಾಲಕ್ಕೆ ಬೆಳ್ಳಿಯ ಬಣ್ಣ. ಮಿರ್ದಿಫ್‌ನ ಅವರ ಕಟ್ಟಡದ ಮುಂದೆ ಹೊಸ ಹೊಸ ಗಾಡಿಗಳ ನಡುವೆ ಅದು ನಿಂತರೆ, ಶ್ರೀಮಂತ ಬೀಗರ ಮನೆಗೆ ಬಂದ ಬಡ ಸೋದರಮಾವನ ಹಾಗೆ ಕಾಣುತ್ತಿತ್ತು. ಹದಿನಾರು ವರ್ಷದ ಮಗಳು ನಿವೇದಿತಾ ಶಾಲೆಯ ಗೇಟು ಇನ್ನೂ ದೂರವಿರುವಾಗಲೇ ಇಳಿದುಬಿಡುತ್ತಿದ್ದಳು. ಆದರೆ ಗುರುಪಾದಪ್ಪನ ತಾಯಿ ಬಸಲಿಂಗವ್ವನಿಗೆ ಆ ವ್ಯಾನೆಂದರೆ ಪ್ರಾಣ. ಮುದುಕಿಗೆ ಎಪ್ಪತ್ತೊಂಬತ್ತು, ಮಗನ ವೀಸಾದ ಮೇಲೆ ಬಂದು ಇಲ್ಲಿ ನೆಲೆಸಿ ಆರನೆಯ ವರ್ಷ. ಬೇರೆಯವರ ಕಾರಿನಲ್ಲಿ ಕೂತರೆ ಕಾಳು ತುಂಬುವ ನೆಲದೊಳಗಿನ ಹಗೇವಿನಲ್ಲಿ ಇಳಿದ ಹಾಗಾಗುತ್ತದೆ, ಇದರಲ್ಲಾದರೆ ನೆಟ್ಟಗೆ ಕೂತು ನಾಲ್ಕು ದಿಕ್ಕು ನೋಡಬಹುದು ಎಂಬುದು ಆಕೆಯ ವಾದ. ವ್ಯಾನ್ ಅನ್ನುವ ಮಾತನ್ನೇ ಆಕೆ ಆಡುತ್ತಿರಲಿಲ್ಲ. ಬಂಡಿ ಅನ್ನುತ್ತಿದ್ದಳು. ಬಲಗೈ ಬಾಗಿಲ ಒಳಗಿನ ಹಿಡಿಕೆಗೆ, ಎಡಗೈ ಮಗನ ಹೆಗಲಿಗೆ, ಬಾಯಲ್ಲಿ ಒಂದು ಶಿವಶಿವಾ, ಒಂದೇ ಹೆಜ್ಜೆಗೆ ಒಳಗೆ.

ಬೀಳಗಿ ಕಡೆಯ ಅವರ ಊರೂ ಹೊಲವೂ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಕಾಲು ಶತಮಾನವಾಯಿತು. ಹೊಲ ಹೋಯಿತು, ಬಸಲಿಂಗವ್ವನ ಎಳ್ಳ ಅಮಾವಾಸ್ಯೆ ಹೋಗಲಿಲ್ಲ. ಆ ಹೊತ್ತಿಗೆ ಜೋಳ ಹೊಟ್ಟೆಯಲ್ಲಿ ತೆನೆ ಹೊತ್ತು ನಿಂತಿರುತ್ತದೆ. ಬಸುರಿಗೆ ಬಯಕೆಯ ಊಟ ಬಡಿಸಿದ ಹಾಗೆ ಭೂಮಿಗೆ ಉಣಿಸುವ ಹಬ್ಬ ಅದು. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ ಎಲ್ಲ ಬುಟ್ಟಿಗೆ ತುಂಬಿ, ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಲ್ಲದರಿಂದ ಒಂದಿಷ್ಟು ಕಲಸಿ ಬೆಳೆಯ ಮೇಲೆ ತೂರುತ್ತಾರೆ. ಚರಗ ಚೆಲ್ಲುವುದು ಅನ್ನುತ್ತಾರೆ ಅದಕ್ಕೆ. ಭೂಮಿ ಉಂಡ ಮೇಲೆ ಮನುಷ್ಯರ ಊಟ.

ದುಬೈಯಲ್ಲಿ ಹೊಲ ಎಲ್ಲಿಂದ ತರುವುದು? ಉತ್ತರ ಕರ್ನಾಟಕದ ಮಂದಿ ಅದಕ್ಕೂ ದಾರಿ ಕಂಡುಕೊಂಡಿದ್ದರು. ಅಬುಧಾಬಿಯ ಗಡಿ ದಾಟಿ ಅಲ್ ಐನ್ ಕಡೆಗೆ ಹೋದರೆ ಡಾಂಬರು ಬಿಟ್ಟು ಮೂರು ಕಿಲೋಮೀಟರ್ ಒಳಗೆ ಅರಬ್ಬಿಯೊಬ್ಬರ ತೋಟ. ಅದರ ಉಸ್ತುವಾರಿ ಮುಧೋಳದವನು. ಅಲ್ಲಿ ಖರ್ಜೂರದ ಸಾಲಿನ ನಡುವೆ ಟೊಮೆಟೊ, ಮೆಂತ್ಯ, ಒಂಟೆಗಳಿಗೆ ಮೇವಿನ ಹುಲ್ಲು. ಪ್ರತಿ ವರ್ಷ ಇಪ್ಪತ್ತೈದು ಮನೆಯವರು ಬುಟ್ಟಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಊರಿನಲ್ಲಿ ಅಮಾವಾಸ್ಯೆ ಯಾವ ವಾರ ಬಂದರೂ ಇಲ್ಲಿ ಅದು ರಜೆಯ ದಿನವೇ ಬರಬೇಕು. ಪಂಚಾಂಗಕ್ಕಿಂತ ಕಂಪನಿ ದೊಡ್ಡದು. ಮೊದಲ ವರ್ಷ ಟೊಮೆಟೊ ಪಾತಿಯ ಬದುವಿನಲ್ಲಿ ನಿಂತು ಚರಗ ತೂರಿದಾಗ ಬಸಲಿಂಗವ್ವ ಬಗ್ಗಿ ಮಣ್ಣು ಮುಟ್ಟಿ ನೋಡಿ, ನೆಲ ಎಲ್ಲಿದ್ದರೂ ನೆಲವೇ ಎಂದಿದ್ದಳು. ಆ ಮಾತನ್ನು ಗುರುಪಾದಪ್ಪ ಕಾರ್ಖಾನೆಯ ಎಲ್ಲರಿಗೂ ಹಿಂದಿಯಲ್ಲಿ ಹೇಳಿಕೊಂಡು ತಿರುಗಿದ್ದ.

ಮೊದಮೊದಲು ದಾರಿ ಗಟ್ಟಿಯಿತ್ತು. ಹೋದ ವರ್ಷ ಗಾಳಿಗೆ ಮರಳ ದಿಬ್ಬ ಸರಿದು ದಾರಿಯ ಮೇಲೆಯೇ ಕೂತಿತ್ತು. ವ್ಯಾನಿನ ಹೊಟ್ಟೆ ನೆಲದಿಂದ ಒಂದೇ ಗೇಣು ಎತ್ತರ. ಅರ್ಧ ಕಿಲೋಮೀಟರ್ ಹೋಗುವುದರಲ್ಲಿ ಕೆಸರಲ್ಲಿ ಎಮ್ಮೆ ಕೂತ ಹಾಗೆ ಕೂತುಬಿಟ್ಟಿತು. ಹಿಂದಿನಿಂದ ಬಂದ ದೊಡ್ಡ ಗಾಡಿಯವರೆಲ್ಲ ನಿಲ್ಲಿಸಿ, ಅವ್ವನನ್ನು ಕಳಿಸಿ ಕರೆದುಕೊಂಡು ಹೋಗುತ್ತೇವೆ ಎಂದರು. ಬಸಲಿಂಗವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕದಲಲಿಲ್ಲ.

"ಚರಗ, ಚೆಲ್ಲಾಕಿ ಜೋಡಿ ಮನಿ ಬಂಡ್ಯಾಗ ಹೋಗಬೇಕು, ಇಲ್ಲಾ ಆಕಿ ತಲಿ ಮ್ಯಾಲ ಹೋಗಬೇಕು. ಮಂದಿ ಗಾಡ್ಯಾಗ ಹೋದ್ರ ಅದು ಮಂದಿ ಚರಗ ಆಗ್ತೈತಿ" ಎಂದಳು.

ಅತ್ತೆಯ ಅತ್ತೆಯಿಂದ ಬಂದ ಪದ್ಧತಿ ಅದು. ಮುರಿಯಲು ಗುರುಪಾದಪ್ಪ ಯಾರು? ಗಾಡಿ ಎಳೆಸುವ ಹೊತ್ತಿಗೆ ಮೂರು ತಾಸು ಕಳೆದು ಹೊತ್ತು ಇಳಿದಿತ್ತು. ಹೊತ್ತು ಇಳಿದ ಮೇಲೆ ಚರಗ ಚೆಲ್ಲುವುದಿಲ್ಲ. ಬುಟ್ಟಿ ಹೋದ ಹಾಗೆಯೇ ಮನೆಗೆ ವಾಪಸು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಾಯಿ ಭೂಮಿಯದಾಗಿತ್ತು, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಸೌಂದರ್ಯಾ ತಟ್ಟೆ ಹಾಕಿದರೆ ಬಸಲಿಂಗವ್ವ, ಭೂಮಿತಾಯಿ ಉಪಾಸ ಅದಾಳ, ನಾ ಹ್ಯಾಂಗ ಉಣ್ಣಲಿ ಎಂದು ಮರುದಿನ ಬೆಳಗಿನ ತನಕ ನೀರಲ್ಲೇ ಕಳೆದಳು. ಆ ಬೆಳಗ್ಗೆ ಗುರುಪಾದಪ್ಪ ತಾಯಿಯ ಎದುರು ಕೂತು ಮಾತು ಕೊಟ್ಟ. ಬರುವ ಅಮಾವಾಸ್ಯೆಗೆ ನಿನ್ನ ಬಂಡಿ ತೋಟದ ಬಾಗಿಲ ತನಕ ಹೋಗುತ್ತದೆ, ನಿನ್ನ ಕೈಯಿಂದಲೇ ಚರಗ ಬೀಳುತ್ತದೆ, ಎಂದ. ಮುದುಕಿಯ ಮುಖ ಅರಳಿತು. ಇನ್ನೆಷ್ಟು ಅಮಾವಾಸ್ಯೆ ಕಾಣುತ್ತೇನೋ ಎಂಬ ಲೆಕ್ಕ ಆ ಮನೆಯಲ್ಲಿ ಎಲ್ಲರ ತಲೆಯಲ್ಲೂ ಇತ್ತು; ಬಾಯಿ ಬಿಟ್ಟು ಯಾರೂ ಆಡುತ್ತಿರಲಿಲ್ಲ.

ದೊಡ್ಡ ಚಕ್ರದ ಗಾಡಿ ಒಂದು ದಿನಕ್ಕೆ ಬಾಡಿಗೆಗೆ ಸಿಗುತ್ತದೆ ಎಂದು ಸೌಂದರ್ಯಾ ಹೇಳಿದಳು. ಬಾಡಿಗೆ ಗಾಡಿಯೂ ಮಂದಿ ಗಾಡಿಯೇ. ಹಾಗಾದರೆ ಉಳಿದ ದಾರಿ ಒಂದೇ, ಇದ್ದ ಗಾಡಿಯನ್ನೇ ಎತ್ತರ ಮಾಡುವುದು. ಸ್ಪ್ಯಾನರ್ ರೋಗ ಕೆರಳಲು ಇಷ್ಟು ಸಾಕಾಯಿತು.

ಕಾರ್ಖಾನೆಯಿಂದ ಎರಡು ರಸ್ತೆ ಆಚೆ ಪಾಯ್ಸ್ ಎಂಬವರ ಗ್ಯಾರೇಜು. ಮಂಗಳೂರಿನ ಕಿನ್ನಿಗೋಳಿಯವರು, ತಣ್ಣಗಿನ ಮನುಷ್ಯ. ಈ ವ್ಯಾನನ್ನು ಎತ್ತರಿಸುವ ಸಾಮಾನು ಯಾರೂ ಮಾಡುವುದಿಲ್ಲ ಎಂದು ಅವರು ಮೊದಲ ದಿನವೇ ಹೇಳಿದರು. ಮಾಡುವುದಿಲ್ಲ ಎಂಬ ಮಾತು ಗುರುಪಾದಪ್ಪನಿಗೆ ಅಕ್ಷತೆ ಕೊಟ್ಟು ಕರೆದ ಹಾಗೆ. ಆರು ತಿಂಗಳು ರಜೆಯ ದಿನಗಳನ್ನೆಲ್ಲ ಅವನು ಆ ಗ್ಯಾರೇಜಿನಲ್ಲಿ ಕಳೆದ. ವ್ಯಾನಿನ ಕಂಪನಿಯದೇ ಸಣ್ಣ ಜೀಪೊಂದರ, ಕುಲುಕು ತಡೆಯುವ ಉದ್ದನೆಯ ಶಾಕ್‌ಗಳನ್ನು ಗುಜರಿಯಿಂದ ತಂದರು. ಅವುಗಳ ತಲೆ ವ್ಯಾನಿಗೆ ಕೂರುವುದಿಲ್ಲ. ವ್ಯಾನಿನ ಹಳೆಯ ಶಾಕ್‌ಗಳ ತಲೆಯನ್ನು ಗ್ಯಾಸಿನಲ್ಲಿ ಕಡಿದು ಇವುಗಳ ಮೈಗೆ ಬೆಸೆದರು. ಕೆಳಗಿನ ತೂತು ಹೊಂದಲಿಲ್ಲ. ಹೊಸ ತೂತು ಕೊರೆದು ಬುಷ್ ಎಂಬ ಬಳೆ ಹಾಕಿದರು. ಹಿಂದಿನ ಚಕ್ರಕ್ಕೆ ಇನ್ಯಾವುದೋ ಗಾಡಿಯ ದಪ್ಪ ಸ್ಪ್ರಿಂಗ್, ಒಂದೂವರೆ ಸುತ್ತು ಕತ್ತರಿಸಿ. ಮೇಲೆ ಕೂರಿಸುವ ದಪ್ಪ ಬಿಲ್ಲೆಗಳನ್ನು ಗುರುಪಾದಪ್ಪ ಕಾರ್ಖಾನೆಯ ಲೇತಿನಲ್ಲಿ ಸ್ವತಃ ಕಡೆದ, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಾಗೆ. ಹಳೆಯ ಶಾಕ್‌ಗಳನ್ನು ಕಡಿಯುವ ಮುಂಚೆ ಪಾಯ್ಸ್ ಒಂದು ಮಾತು ಕೇಳಿದ್ದರು.

"ಇದನ್ನು ಕಡಿದ್ರೆ ಇನ್ನು ಹಿಂದೆ ಹೋಗ್ಲಿಕ್ಕೆ ಇಲ್ಲ ಮಾರಾಯ್ರೆ. ಇದರದ್ದು ಎಲ್ಲಿಯೂ ಸಿಗುದಿಲ್ಲ. ನೋಡಿ ಆಯ್ತಾ?"

ಹಿಂದೆ ಯಾಕೆ ಹೋಗಬೇಕು ಎಂದು ಗುರುಪಾದಪ್ಪ ನಕ್ಕ. ಅನುಮತಿಯ ಕಾಗದ, ತಪಾಸಣೆ, ಪಾಸಿಂಗ್ ಎಲ್ಲವೂ ಸರಿಯಾಗಿಯೇ ಆಯಿತು. ತಪಾಸಣೆಯವನು ಟಾರ್ಚು ಹಿಡಿದು ಗಾಡಿಯ ಕೆಳಗೆ ಬಗ್ಗಿ ನೋಡಿದ. ಪಾಯ್ಸ್ ಬಗ್ಗಿ ನೋಡಿದರು. ಗುರುಪಾದಪ್ಪನಂತೂ ಆರು ತಿಂಗಳು ಅಂಗಾತ ಮಲಗಿ ಅದನ್ನೇ ನೋಡಿದ್ದ. ಎಲ್ಲರೂ ಕೆಳಗೆ ನೋಡಿದರು.

ಅಮಾವಾಸ್ಯೆಗೆ ಐದು ವಾರ ಇರುವಾಗ ಒಂದು ಸಂಜೆ ಗಾಡಿ ಮನೆಗೆ ಬಂತು. ಗುರುಪಾದಪ್ಪ ಮನೆಯವರನ್ನೆಲ್ಲ ಕೆಳಗೆ ಕರೆದ. ಕಟ್ಟಡದ ನಾತೂರ್ ರೋಷನ್‌ನನ್ನೂ ಅವನ ಕಾವಲಿನ ಕುರ್ಚಿಯಿಂದ ಎಬ್ಬಿಸಿ ಕರೆತಂದ. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ ಗೇಣು ಹಾಕಿ, ಗೇಣಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದ. ಮುಂಚೆ ಇಲ್ಲಿಗಿತ್ತು, ಈಗ ಇಷ್ಟು. ಆ ನಾಲ್ಕು ಬೆರಳನ್ನು ಅವನು ಐದು ವಾರದಲ್ಲಿ ಯಾರಿಗೆ ತೋರಿಸಲಿಲ್ಲ ಹೇಳಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಕಿರಾಣಿ ಅಂಗಡಿಯ ಮಲಬಾರಿಗೆ, ಫೋನಿನಲ್ಲಿ ಬಾಗಲಕೋಟೆಯ ತಂಗಿಗೆ ಕೂಡ, ಆಕೆಗೆ ಕಾಣುವುದಿಲ್ಲ ಎಂಬುದು ಮರೆತು. ನಿವೇದಿತಾ ಮೊದಲ ಸಲ ಗಾಡಿಯ ಫೋಟೋ ತೆಗೆದು, ನಾಟ್ ಬ್ಯಾಡ್ ಪಪ್ಪಾ ಎಂದಳು. ಅವನು ಎರಡು ದಿನ ಅದೇ ಗುಂಗಿನಲ್ಲಿದ್ದ.

ಬಸಲಿಂಗವ್ವ ಆ ಸಂಜೆ ಹೊಸ ಎತ್ತಿನ ಮೈ ಸವರಿದ ಹಾಗೆ ವ್ಯಾನಿನ ಬಾಗಿಲನ್ನು ಸವರಿದಳು. ಒಂದು ಸುತ್ತು ಹೋಗಿಬರೋಣ ಬಾ ಎಂದು ಮಗ ಕರೆದ. ಇವತ್ತು ಬೇಡ, ಅಮಾಸಿ ದಿನವೇ ಏರುತ್ತೇನೆ ಎಂದಳು. ಗುರುಪಾದಪ್ಪನಿಗೆ ಇದರಿಂದ ಇನ್ನಷ್ಟು ಸಂತೋಷವಾಯಿತು. ಹೊಸ ಬಂಡಿಯನ್ನು ಒಳ್ಳೆಯ ದಿನ ನೋಡಿಯೇ ಹತ್ತುವ ಹಳೆಯ ಕಾಲದ ಹೆಂಗಸು ತನ್ನ ತಾಯಿ ಎಂದು ಅದನ್ನೂ ನಾಲ್ಕು ಜನಕ್ಕೆ ಹೇಳಿದ. ಮುಂದಿನ ವಾರಗಳಲ್ಲಿ ಗುಡಿಗೆ ಕರೆದರೆ ಆಕೆಗೆ ಮೊಣಕಾಲು ನೋವು, ಯಾರದೋ ಮನೆಗೆ ಕರೆದರೆ ತಲೆ ಭಾರ. ಮನೆಯಲ್ಲೇ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಚಳಿಗಾಲ, ವಯಸ್ಸು ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಇದರ ನಡುವೆ ಅಡುಗೆಮನೆಯಿಂದ ಸಾಮಾನು ಕಾಣೆಯಾಗತೊಡಗಿತು. ಮೊದಲು ರೊಟ್ಟಿ ಬಡಿಯಲು ಕೂರುವ ಮಣೆ. ಆಮೇಲೆ ಐದು ಕಿಲೋ ಅಕ್ಕಿ ಚೀಲ ಎರಡು. ಸೌಂದರ್ಯಾ ಹುಡುಕಿದರೆ ಎಲ್ಲ ಅತ್ತೆಯ ಕೋಣೆಯಲ್ಲಿ, ಮಂಚದ ಪಕ್ಕ ಒಂದರ ಮೇಲೊಂದು. ಕಾಲು ಚಾಚಿಕೊಳ್ಳಲು ಎಂದಳು ಮುದುಕಿ. ಈ ವಯಸ್ಸಿನಲ್ಲಿ ಇಂಥ ಭಾರ ಎಳೆದಾಡಿ ಸೊಂಟ ಮುರಿದುಕೊಂಡರೆ ಯಾರು ನೋಡುವವರು ಎಂದು ಗುರುಪಾದಪ್ಪ ಸ್ವಲ್ಪ ಗಟ್ಟಿಯಾಗಿಯೇ ಗದರಿ, ಮಣೆಯನ್ನೂ ಚೀಲಗಳನ್ನೂ ತಾನೇ ಹೊತ್ತು ಅಡುಗೆಮನೆಗೆ ತಂದಿಟ್ಟ. ಮರುದಿನ ನೋಡಿದರೆ ಮತ್ತೆ ಅಲ್ಲೇ. ಹೀಗೆ ಮೂರು ಸಲ ಆಯಿತು. ಮುಪ್ಪಿನಲ್ಲಿ ಮನುಷ್ಯರು ಮಕ್ಕಳಾಗುತ್ತಾರೆ ಎಂದು ಗಂಡಹೆಂಡತಿ ಕೊನೆಗೆ ಕೈಬಿಟ್ಟರು.

ಆ ವರ್ಷ ಅಮಾವಾಸ್ಯೆಯೇ ದೊಡ್ಡ ಮನಸ್ಸು ಮಾಡಿ ಭಾನುವಾರ ಬಂತು. ಬೆಳಿಗ್ಗೆ ಎಂಟಕ್ಕೆ ಬಸಲಿಂಗವ್ವ ಹಸಿರು ಇಳಕಲ್ ಸೀರೆ ಉಟ್ಟು, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ ಕಟ್ಟಿ ಲಿಫ್ಟಿನಿಂದ ಇಳಿದಳು. ಗುರುಪಾದಪ್ಪ ವ್ಯಾನಿಗೆ ಜೋಳದ ದಂಟು ಕಟ್ಟಿದ್ದ; ಅದನ್ನು ಎಲ್ಲಿಂದ ತಂದನೋ ಶಿವನೇ ಬಲ್ಲ. ಬಾಗಿಲು ಸರಿಸಿ, ಹೆಗಲು ಕೊಟ್ಟು ನಿಂತ.

ಬಸಲಿಂಗವ್ವ ಎಡಗೈಯನ್ನು ಮಗನ ಹೆಗಲ ಮೇಲಿಟ್ಟಳು. ಬಲಗೈ ಹಿಡಿಕೆಗೆ ಚಾಚಿದಳು. ಕೈ ಮುಟ್ಟಲಿಲ್ಲ. ಗಾಡಿಯ ಜೊತೆ ಹಿಡಿಕೆಯೂ ಮೇಲೆ ಹೋಗಿತ್ತು. ಶಿವಶಿವಾ ಎಂದು ಕಾಲೆತ್ತಿದಳು. ಚಪ್ಪಲಿಯ ತುದಿ ಹೊಸ್ತಿಲ ಕೆಳಗಿನ ತಗಡಿಗೆ ಬಡಿದು ಹಿಂದೆ ಬಂತು. ಇನ್ನೊಮ್ಮೆ ಎತ್ತಿದಳು. ಮತ್ತೆ ಅಲ್ಲಿಗೇ ಬಡಿಯಿತು. ಮೂರನೆಯ ಸಲ ತಾನೇ ಎರಡೂ ಕೈಯಿಂದ ಮೊಣಕಾಲು ಹಿಡಿದು ಎತ್ತಲು ನೋಡಿದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಗುರುಪಾದಪ್ಪನಿಗೆ ಆಗ ಕಂಡಿತು.

ಆಮೇಲಿನ ಒಂದು ತಾಸನ್ನು ಏನೆಂದು ಹೇಳುವುದು. ರೋಷನ್ ಓಡಿಹೋಗಿ ಪ್ಲಾಸ್ಟಿಕ್ ಸ್ಟೂಲು ತಂದ. ಅದರ ಮೇಲೆ ಒಂದು ಕಾಲಿಟ್ಟ ಬಸಲಿಂಗವ್ವನಿಗೆ ಇನ್ನೊಂದನ್ನು ಎತ್ತಲು ಬಲ ಸಾಲದೆ, ಇದ್ದ ಕಾಲೂ ನಡುಗಿ, ಸೌಂದರ್ಯಾ ಸೊಂಟಕ್ಕೆ ಕೈ ಕೊಟ್ಟು ಇಳಿಸಬೇಕಾಯಿತು. ಗಾಡಿಯನ್ನು ಫುಟ್‌ಪಾತಿನ ಅಂಚಿಗೆ ಒತ್ತಿ ನಿಲ್ಲಿಸಿದರು. ಅಂಚಿನಿಂದ ಒಂದು ಪಾದ ಒಳಗೆ ಹೋಯಿತು. ಆದರೆ ಆ ಪಾದದ ಮೇಲೆ ಮೈಯ ಭಾರ ಎತ್ತಬೇಕಲ್ಲ, ಅಷ್ಟು ಹೊತ್ತಿಗೆ ಬಾತು ಸೋತಿದ್ದ ಆ ಮೊಣಕಾಲು ಏಳಲೇ ಇಲ್ಲ. ಹೋದ ವರ್ಷದ ಕಾಲು ಈ ವರ್ಷ ಇರಲಿಲ್ಲ. ಗಾಡಿ ನಾಲ್ಕು ಬೆರಳು ಏರಿತ್ತು, ತಾಯಿ ಅಷ್ಟೇ ಇಳಿದಿದ್ದಳು.

ಎರಡೂ ಕೈ ಚಾಚಿ ಗುರುಪಾದಪ್ಪ, ನಾನೇ ಎತ್ತಿ ಕೂರಿಸುತ್ತೇನೆ ಎಂದ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಎತ್ತೂದು ಒಂದ ಸಲ ತಮ್ಮಾ. ಅದು ಇವತ್ತ ಅಲ್ಲ."

ಆ ಮಾತಿಗೆ ಯಾರು ಎದುರಾಡಬೇಕು? ಅವನು ನೆಲಕ್ಕೆ ಅಂಗೈ ಮೊಣಕಾಲು ಊರಿ ಬಾಗಿಲ ಮುಂದೆ ಬಗ್ಗಿ ಕೂತ. ನನ್ನ ಬೆನ್ನಿನ ಮೇಲೆ ಕಾಲಿಟ್ಟು ಹತ್ತು ಎಂದ. ಐವತ್ತೆರಡು ವರ್ಷದ ಫೋರ್‌ಮನ್, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಿರ್ದಿಫ್‌ನ ಬೀದಿಯಲ್ಲಿ ನಾಲ್ಕು ಕಾಲಿನ ಮೇಲೆ. ಬೆಳಗಿನ ವಾಕಿಂಗಿನವರು ನಿಂತು ನೋಡಿದರು. ಬಸಲಿಂಗವ್ವ ಆ ಬೆನ್ನನ್ನು ಒಂದು ಗಳಿಗೆ ನೋಡಿ, ಮಗನನ್ನು ತುಳಿದು ಹೋಗಿ ಭೂಮಿತಾಯಿಗೆ ಏನು ಉಣಿಸಲಿ, ಏಳು, ಎಂದಳು.

ಅವನು ಎದ್ದು ಅಂಗೈ ಒರೆಸಿಕೊಂಡು ಪಾಯ್ಸ್‌ಗೆ ಫೋನು ಮಾಡಿದ. ಪಾಯ್ಸ್ ಇಗರ್ಜಿಯ ಪೂಜೆ ಮುಗಿಸಿ ಹೊರಗೆ ಬಂದಿದ್ದರಷ್ಟೇ. ಇವತ್ತೇ ಇಳಿಸಲು ಆಗುತ್ತದೆಯೇ, ಎರಡು ತಾಸಿನಲ್ಲಿ, ಎಷ್ಟಾದರೂ ಸರಿ. ಪಾಯ್ಸ್ ತಣ್ಣಗೆ ಕೇಳಿದರು.

"ಹಳೇದರ ತಲೆ ಕಡಿದಾಗಿದೆಯಲ್ಲ ಗುರುಪಾದಪ್ಪನವರೇ. ಇಳಿಸ್ಲಿಕ್ಕೆ ಎಂತ ಉಂಟು?"

ಕಾರ್ಖಾನೆಯಲ್ಲಿ ಲಾರಿಗೆ ಸರಕು ತುಂಬುವ ಕಟ್ಟೆ ಇದೆ, ಅಲ್ಲಿಗೆ ಹೋದರೆ ಒಳಗೆ ಸೀದಾ ನಡೆದು ಹೋಗಬಹುದು ಎಂದು ಅವನಿಗೆ ಹೊಳೆಯಿತು. ಟ್ಯಾಕ್ಸಿಯಲ್ಲಿ ಅಲ್ಲಿಯ ತನಕ ಹೋಗೋಣ ಎಂದು ಬಡಬಡಿಸಿದ. ಬಸಲಿಂಗವ್ವ ಸ್ಟೂಲಿನ ಮೇಲೆ ಕೂತುಕೊಂಡೇ ಕೇಳಿದಳು, ಅಲ್ಲಿ ಹತ್ತಿಸುವೆ, ತೋಟದಲ್ಲಿ ಇಳಿಸುವುದು ಹೇಗೆ, ಮತ್ತೆ ಹತ್ತಿಸುವುದು ಹೇಗೆ. ಅಲ್ಲೇನು ಕಟ್ಟೆ ಇದೆಯೇ? ನಾಳೆ ಎರಡು ಮೆಟ್ಟಿಲು ಬೆಸೆಯಿಸುತ್ತೇನೆ ಎಂದ. ನಾಳೆ ಅಮಾಸಿ ಇರುವುದಿಲ್ಲ ಎಂದಳು. ಕಟ್ಟಡದ ಹಿಂದಿನ ಪಾರ್ಕಿನಲ್ಲಿ ಚೆಲ್ಲೋಣವೇ ಅತ್ತಿ ಎಂದು ಸೌಂದರ್ಯಾ ಮೆಲ್ಲಗೆ ಕೇಳಿದಳು. ಅದು ನೋಡುವ ಹುಲ್ಲು, ಉಣ್ಣುವ ನೆಲ ಅಲ್ಲ ಎಂದಳು ಮುದುಕಿ.

ಹತ್ತು ಗಂಟೆಯಾಗುತ್ತ ಬಂತು. ಬಸಲಿಂಗವ್ವ ಬುಟ್ಟಿಯನ್ನು ನಿವೇದಿತಾಳ ಕೈಗೆ ಕೊಟ್ಟಳು. ಹೊತ್ತು ಏರುತ್ತಿದೆ, ಆಕೆಯನ್ನು ಈ ವರ್ಷವೂ ಉಪವಾಸ ಕೆಡವಬೇಡಿ, ಹೋಗಿ ಎಂದಳು. ನಾನು ಹೋಗುವುದಿಲ್ಲ ಎಂದು ಗುರುಪಾದಪ್ಪ ಸಣ್ಣ ಹುಡುಗನ ಹಾಗೆ ಹಟ ಹಿಡಿದ. ತಾಯಿ ಅವನ ಮುಖವನ್ನೇ ನೋಡಿದಳು. ಅವನು ಗಾಡಿ ಹತ್ತಿದ. ಸೌಂದರ್ಯಾ ಅತ್ತೆಯ ಜೊತೆ ಉಳಿದಳು.

ಮರಳಿನ ದಾರಿ ಬಂದಾಗ ವ್ಯಾನು ಒಮ್ಮೆ ಮುಲುಗಿ, ತಲೆಯೆತ್ತಿ, ದಿಬ್ಬದ ಮೇಲೆ ಬೆಣ್ಣೆಯಲ್ಲಿ ಚಾಕು ಹಾಯ್ದ ಹಾಗೆ ಹಾಯಿತು. ಎಲ್ಲಿಯೂ ಹೊಟ್ಟೆ ತಾಗಲಿಲ್ಲ. ಅವನು ಕಡೆದ ಬಿಲ್ಲೆಗಳು ಒಂದು ಸದ್ದು ಮಾಡಲಿಲ್ಲ. ಹೋದ ವರ್ಷ ಎಳೆದು ತೆಗೆದವರೆಲ್ಲ ತೋಟದ ಬಾಗಿಲಲ್ಲಿ ಚಪ್ಪಾಳೆ ತಟ್ಟಿ, ಭಲೆ ಗುರಪಾದಣ್ಣ ಎಂದರು. ಬಾಗಿಲು ಸರಿಸಿ ಅವ್ವನನ್ನು ಹುಡುಕಿದರು. ಕೆಲಸ ಇಷ್ಟು ಚೆನ್ನಾಗಿ ಆಗಿರದಿದ್ದರೆ, ದಾರಿಯಲ್ಲಿ ಒಂದು ಬೋಲ್ಟಾದರೂ ಮುರಿದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಸುಳ್ಳು ಹೇಳಿದ. ನಿಜ ಹೇಳಲು ನಾಚಿಕೆಯಾಯಿತು.

ಅವರ ಮನೆಯಲ್ಲಿ ಹೆಣ್ಣಿನ ಕೈಯಿಂದ ಬೀಳಬೇಕಾದ ಚರಗ. ನಿವೇದಿತಾ ಜೀನ್ಸಿನ ಕಾಲು ಮಡಚಿ ಟೊಮೆಟೊ ಪಾತಿಗೆ ಇಳಿದಳು. ವಾಟ್ ಡು ಐ ಸೇ ಪಪ್ಪಾ ಎಂದು ಕೇಳಿದಳು. ಏನೂ ಹೇಳಬೇಡ, ಚೆಲ್ಲುತ್ತ ನಡಿ ಎಂದು ಅವನು ಹಿಂದೆ ನಡೆದ. ಹುಲ್ಲುಲ್ಲಿಗೋ ಎಂದು ಚರಗದ ಕೂಗು ಹಾಕಿದ. ಬದುವಿನ ಮೇಲಿದ್ದವರೆಲ್ಲ ಸಲಾಂಬ್ರಿಗೋ ಎಂದು ದನಿಗೂಡಿಸಿದರು. ಆ ದನಿಗಳಲ್ಲಿ ಒಂದು ದನಿ ಇರಲಿಲ್ಲ. ಹುಡುಗಿ ಚರಗವನ್ನು ಅಳತೆ ಮಾಡಿದ ಹಾಗೆ ಚಿಟಿಕೆ ಚಿಟಿಕೆ ಹಾಕಿದಳು. ಅಜ್ಜಿಯಾದರೆ ಮುಷ್ಟಿ ತುಂಬ ತೂರುತ್ತಿದ್ದಳು. ಗುರುಪಾದಪ್ಪ ಎಲ್ಲರ ಎದುರಿಗೇ ಅತ್ತ.

ಸಂಜೆ ಮನೆಗೆ ಬಂದಾಗ ಬಸಲಿಂಗವ್ವ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಭೂಮಿ ಉಂಡ ಸುದ್ದಿ ಮಧ್ಯಾಹ್ನ ಫೋನಿನಲ್ಲಿ ಬಂದ ಮೇಲೆ ತಾನೂ ಅರ್ಧ ಹೋಳಿಗೆ ತಿಂದಿದ್ದಳಂತೆ. ಮಗನನ್ನು ಕಂಡ ಕೂಡಲೆ ಮೊದಲು ಕೇಳಿದ್ದು ಗಾಡಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ ತಾನೇ ಎಂದು. ಇಲ್ಲ ಎಂದ. ಚಲೋ ಆಯಿತು, ನಿನ್ನ ಕೆಲಸ ಚಲೋ ಆಯಿತು ಎಂದಳು. ಕುಹಕವಿಲ್ಲ, ಸಿಟ್ಟಿಲ್ಲ, ನಿಜವಾಗಿಯೇ ಹೆಮ್ಮೆ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೆಳಗಿನಿಂದ ಮೊಣಕಾಲು ಬಾತಿದೆ, ಎಣ್ಣೆ ಹಚ್ಚುತ್ತೇನೆ ಎಂದು ಅವನು ಎಣ್ಣೆಯ ಸೀಸೆ ತರಲು ಆಕೆಯ ಕೋಣೆಗೆ ಹೋದ.

ಮಂಚದ ಪಕ್ಕ ಅದೇ ಮಣೆ, ಅದರ ಮೇಲೆ ಅದೇ ಅಕ್ಕಿ ಚೀಲಗಳು, ಮೇಲೆ ಮಡಚಿದ ಕಂಬಳಿ. ಕಂಬಳಿಯ ನಡುವೆ ಹೆಜ್ಜೆ ಇಟ್ಟಿಟ್ಟು ತಗ್ಗು ಬಿದ್ದಿತ್ತು. ಕಾಲು ಚಾಚಲು ಯಾರು ಇಷ್ಟು ಎತ್ತರ ಮಾಡುತ್ತಾರೆ? ಅವನು ಸೀಸೆಗೆಂದು ಬಗ್ಗಿದಾಗ ಮಂಚದ ಕಾಲಿಗೆ ಕಟ್ಟಿದ ನೂಲು ಕಂಡಿತು. ಬತ್ತಿಗೆಂದು ಹೊಸೆದ ಬಿಳಿ ನೂಲು, ನೆಲದಿಂದ ನೆಟ್ಟಗೆ ಮೇಲಕ್ಕೆ. ಅದರಲ್ಲಿ ಎರಡು ಗಂಟು. ಕೆಳಗಿನ ಗಂಟಿಗೆ ಚೀಲಗಳ ಎತ್ತರ ಸರಿಯಾಗಿತ್ತು.

ನೂಲನ್ನು ಬಿಚ್ಚಿ ಕೈಯಲ್ಲಿ ಹಿಡಿದು ಅವನು ಬಾಲ್ಕನಿಗೆ ಬಂದ. ತಾಯಿಗೆ ತೋರಿಸಿದ.

"ಗಾಡಿ ತಂದ ದಿನಾನ ಅಳದ ನೋಡಿದ್ನಪಾ" ಎಂದಳು ಬಸಲಿಂಗವ್ವ. "ನೀವೆಲ್ಲ ಮ್ಯಾಲ ಬಂದ್ರಿ, ನಾ ರೋಷ್ಯಾನ ಕುರ್ಚಿ ಮ್ಯಾಲ ಕುಂತು ಆಮ್ಯಾಲ ಬಂದೆ ನೋಡು, ಆವಾಗ. ಕೆಳಗಿನ ಗಂಟು ಹೋದ ವರ್ಷದ್ದು, ಹಳೀ ಬಾಗಲಾ ನಂಗ ಗೊತ್ತಿತ್ತಲ್ಲ. ಮ್ಯಾಲಿಂದು ಹೊಸಾದು. ಮಂಚಾ ಹಿಡಕೊಂಡ್ರ ಮೊದಲನೇ ಗಂಟಿಗೆ ಕಾಲು ಹತ್ತಿತ್ತು. ಎರಡನೇದ್ದು ಹತ್ತವಲ್ದಾತು."

"ಹೇಳಬೇಕಿಲ್ಲೇನಬೇ ಯವ್ವಾ. ಐದ ವಾರ ಇತ್ತಲ್ಲ."

"ನೀ ಭಾಳ ಖುಷಿಲೆ ಇದ್ದಿ ತಮ್ಮಾ. ದಿನಾ ಒಂದೀಟು ಏರಿದ್ರ ಹತ್ತೀನಿ ಅನಕೊಂಡಿದ್ದೆ." ಆಕೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಮೂರ ಸಲ ನೀ ಚೀಲ ಒಯ್ದಿ. ಅದಕ್ಕ ಸ್ವಲ್ಪ ಹಿಂದ ಬಿತ್ತು."

ಗುರುಪಾದಪ್ಪ ತಾಯಿಯ ಕಾಲ ಬಳಿ ನೆಲಕ್ಕೆ ಕೂತ. ಕೆಳಗೆ ಬೀದಿಯಲ್ಲಿ ಜೋಳದ ದಂಟು ಕಟ್ಟಿಕೊಂಡ ವ್ಯಾನು ಎಲ್ಲ ಕಾರುಗಳಿಗಿಂತ ಎತ್ತರವಾಗಿ ನಿಂತಿತ್ತು. ಅವನು ನೂಲನ್ನು ಮೊಣಕಾಲಿನ ಮೇಲೆ ಹಾಸಿ ಎರಡು ಗಂಟುಗಳ ನಡುವೆ ಬೆರಳು ಇಟ್ಟು ನೋಡಿದ. ಒಂದು, ಎರಡು, ಮೂರು, ನಾಲ್ಕು. ಊರಿಗೆಲ್ಲ ತೋರಿಸಿಕೊಂಡು ತಿರುಗಿದ ಅದೇ ನಾಲ್ಕು ಬೆರಳು ಆ ಜಾಗದಲ್ಲಿ ಸರಿಯಾಗಿ ಕೂತವು. ಎಣ್ಣೆ ತರಲಿಲ್ಲವೇನು ಎಂದು ತಾಯಿ ಕೇಳಿದಳು. ಅವನಿಗೆ ಬೆರಳು ತೆಗೆಯಲು ಆಗಲಿಲ್ಲ.